ಪಡಾ ಬಿದ್ದ ಹೊಲ ಸುಮ್ಮನೆ ಇರುವುದಿಲ್ಲ

ವಿಜಯಪುರ, ಬಾಗಲಕೋಟೆ ಕಡೆ ಉಳುಮೆ ನಿಂತ ಹೊಲವನ್ನು ಕಂಡರೆ ‘ಪಡಾ ಬಿದ್ದೈತಿ’ ಅನ್ನುತ್ತಾರೆ. ಆ ಮಾತಿನೊಳಗೆ ಒಂದಿಷ್ಟು ಮರುಕ, ಒಂದಿಷ್ಟು ಬೈಗುಳ ಎರಡೂ ಇವೆ. ಮಾಡುವವರಿಲ್ಲ, ಭೂಮಿ ಕೆಲಸವಿಲ್ಲದೆ ಮಲಗಿದೆ ಎಂಬ ಭಾವ. ಆದರೆ ಹರಗುವುದು ನಿಂತ ಮೊದಲ ಮಳೆಗೇ ಆ ಹೊಲ ತನ್ನ ಕೆಲಸ ಶುರು ಮಾಡಿರುತ್ತದೆ. ಮೊದಲ ವರ್ಷ ಕಾಂಗ್ರೆಸ್ ಕಸ, ನೆಗ್ಗಿಲ ಮುಳ್ಳು, ಕಾಡು ರಾಜಗಿರಿ. ಎಲ್ಲವೂ ಒಂದೇ ಹಂಗಾಮಿನಲ್ಲಿ ಹುಟ್ಟಿ, ಬೀಜ ಚೆಲ್ಲಿ ಸಾಯುವ ಅವಸರದ ಗಿಡಗಳು. ಎರಡು ಮೂರು ವರ್ಷಕ್ಕೆ ಕರಿಕಿ, ಜೇಕು ನೆಲದೊಳಗೆ ಬೇರು ಹೆಣೆದುಕೊಂಡು ಅವುಗಳಿಗೆ ಜಾಗ ಕಡಿಮೆ ಮಾಡುತ್ತವೆ. ಆಮೇಲೆ ಒಡ್ಡಿನ ಕಡೆಯಿಂದ ಎಕ್ಕಿ, ಹೊನ್ನಾವರಿಕೆ ಒಳಕ್ಕೆ ಕಾಲಿಡುತ್ತವೆ. ಅವುಗಳ ಹಿಂದೆ ಬಾರಿ, ಜಾಲಿ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಜಾಲಿಯ ಬುಡ ನೋಡಿದರೆ ಅಲ್ಲೊಂದು ಬೇವಿನ ಸಸಿ ನಿಂತಿರುತ್ತದೆ. ಅದನ್ನು ಯಾರೂ ನೆಟ್ಟಿರುವುದಿಲ್ಲ.

ಪುಸ್ತಕದ ಭಾಷೆಯಲ್ಲಿ ಇದಕ್ಕೆ ಪರಿಸರ ಅನುಕ್ರಮ ಎನ್ನುತ್ತಾರೆ. ಶಾಲೆಯಲ್ಲಿ ಇದನ್ನು ಏಣಿಯ ಹಾಗೆ ಕಲಿಸುವುದು ರೂಢಿ: ಬರಿ ಕಲ್ಲು, ಕಲ್ಲುಹೂ, ಪಾಚಿ, ಹುಲ್ಲು, ಪೊದೆ, ಕೊನೆಗೆ ಕಾಡು. ಈ ಏಣಿಯ ಮೂಲಪುರುಷ ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್. 1916ರಲ್ಲಿ ಆತ ಹೇಳಿದ್ದು ಇಷ್ಟು: ಒಂದು ಪ್ರದೇಶದ ಹವಾಮಾನಕ್ಕೆ ತಕ್ಕ ಒಂದೇ ಒಂದು ಕೊನೆಯ ಹಂತ ಇರುತ್ತದೆ, ಅದು ಕ್ಲೈಮ್ಯಾಕ್ಸ್; ಮಿಕ್ಕದ್ದೆಲ್ಲ ಅಲ್ಲಿಗೆ ಹೋಗುವ ದಾರಿ. ಕ್ಲೈಮ್ಯಾಕ್ಸ್ ಎಂಬ ಮಾತು ನಮಗೆ ಸಿನಿಮಾದಿಂದ ಗೊತ್ತು. ಅದು ಮುಗಿದ ಮೇಲೆ ಎದ್ದು ಮನೆಗೆ ಹೋಗುತ್ತೇವೆ. ಭೂಮಿಯಲ್ಲಿ ಹಾಗೆ ಪರದೆ ಬೀಳುವುದಿಲ್ಲ. ಹತ್ತೇ ವರ್ಷಕ್ಕೆ, 1926ರಲ್ಲಿ, ಹೆನ್ರಿ ಗ್ಲೀಸನ್ ಎಂಬಾತ ತಕರಾರು ತೆಗೆದ: ಒಂದೊಂದು ಗಿಡ ತನ್ನ ಪಾಡಿಗೆ ತಾನು ಬರುತ್ತದೆ, ಬೀಜ ಬಿದ್ದದ್ದು, ಮಳೆ ಬಿದ್ದದ್ದು, ಆಡು ಮೇಯದೆ ಬಿಟ್ಟದ್ದು ಇವೆಲ್ಲ ಕೂಡಿ ಬಂದಾಗ ಒಂದು ಗುಂಪು ಕಾಣುತ್ತದೆ, ಅಷ್ಟೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳ ನೆಲ ನೋಡಿದರೆ ಗ್ಲೀಸನ್ ಹೇಳಿದ್ದೇ ಹೆಚ್ಚು ಸರಿ ಅನ್ನಿಸುತ್ತದೆ.

ಯಾಕೆಂದರೆ ಇಲ್ಲಿ ಒಂದು ಏಣಿ ಸಾಲುವುದಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ವಿಜಯಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ಅಷ್ಟರೊಳಗೆ ವರ್ಷದ ಮಳೆ 3000 ಮಿ.ಮೀ.ಗೂ ಮೇಲಿಂದ 600 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಸರಿ, ಮಳೆ ಹೆಚ್ಚಿದ್ದಲ್ಲಿ ಕಾಡು, ಕಡಿಮೆ ಇದ್ದಲ್ಲಿ ಹುಲ್ಲು ಎಂದು ಗೆರೆ ಕೊರೆದು ಬಿಡೋಣವೆಂದರೆ ಅದೂ ಆಗುವುದಿಲ್ಲ. ಕಣಕುಂಬಿ, ಚೋರ್ಲಾ ಕಡೆಯ ಜಂಬಿಟ್ಟಿಗೆ ಕಲ್ಲಿನ ಬಯಲುಗಳ ಮೇಲೆ ಅಷ್ಟೆಲ್ಲ ಮಳೆ ಸುರಿದರೂ ಮರ ಏಳುವುದಿಲ್ಲ. ಮಣ್ಣು ಬೆರಳುದ್ದವೂ ಇಲ್ಲ. ಮಳೆಗಾಲದಲ್ಲಿ ನೀರು ನಿಂತು ಜೌಗು, ಮಾರ್ಚ್‌ನಲ್ಲಿ ಕಾದ ಹಂಚು. ಅಲ್ಲಿ ಬರುವುದು ಜೂನ್‌ನಲ್ಲಿ ಹುಟ್ಟಿ ಅಕ್ಟೋಬರ್‌ಗೆ ಬೀಜವಾಗುವ ಸಣ್ಣ ಸಸ್ಯಗಳು. ಅವುಗಳಲ್ಲಿ ಕೆಲವು ನೆಲದಲ್ಲಿ ಸಾರಜನಕ ಸಿಗದ ಕಾರಣ ಹುಳ ಹಿಡಿದು ತಿನ್ನುವ ಜಾತಿ. ಅದನ್ನು ‘ಕಾಡಾಗದ ಜಾಗ’ ಎಂದು ಕರೆದರೆ ತಪ್ಪು; ಅದು ತಾನು ಆಗಬೇಕಾದದ್ದು ಆಗಿಯೇ ಇದೆ.

ಒಂದೇ ಮಳೆ ಬೀಳುವ ಕಡೆಯಲ್ಲೂ ಕಲ್ಲು ಬದಲಾದರೆ ಕತೆ ಬದಲಾಗುತ್ತದೆ. ಬಾದಾಮಿಯಲ್ಲೂ ವಿಜಯಪುರದಲ್ಲೂ ಮಳೆ ಹೆಚ್ಚುಕಡಿಮೆ ಒಂದೇ ಲೆಕ್ಕ. ಆದರೆ ಬಾದಾಮಿಯದು ಕೆಂಪು ಮರಳುಗಲ್ಲು, ಹೆಚ್ಚಿನ ಪಾಲು ಸ್ಫಟಿಕ ಶಿಲೆಯ ಕಣ. ಅದು ಎಷ್ಟು ಸವೆದರೂ ಮರಳೇ ಆಗುತ್ತದೆ, ನೀರು ಹಿಡಿಯುವುದಿಲ್ಲ, ಸತ್ವವೂ ಕಡಿಮೆ. ಗುಹೆಗಳ ಮೇಲಿನ ಬಂಡೆಗಳಲ್ಲಿ ಕಲ್ಲುಹೂ ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರೋ ಅದಕ್ಕೂ ಕಡಿಮೆಯೋ. ಮೂರನೆಯ ಗುಹೆ ಕೊರೆದದ್ದು 578ರಲ್ಲಿ. ಅಂದಿನಿಂದ ತೆರೆದ ಬಂಡೆಯ ಮೇಲೆ ಸಾಗಿದ ಅನುಕ್ರಮ ಬಹಳ ಕಡೆ ಇನ್ನೂ ಕಲ್ಲುಹೂವಿನ ಮಟ್ಟ ದಾಟಿಲ್ಲ. ಬಿರುಕಿನಲ್ಲಿ ಮಾತ್ರ ವಿಷಯ ಬೇರೆ. ಬಿರುಕೊಳಗೆ ಧೂಳು, ಎಲೆ, ಹಕ್ಕಿಯ ಹಿಕ್ಕೆ ಸೇರಿ ಒಂದು ಹಿಡಿ ಮಣ್ಣಾದರೆ ಅತ್ತಿಯೋ ಅರಳಿಯೋ ಅಲ್ಲಿಂದಲೇ ನೇರ ಮರವಾಗುತ್ತದೆ, ಹುಲ್ಲು ಪೊದೆ ಎಂಬ ಮೆಟ್ಟಿಲು ಹತ್ತದೆ.

ಹಳೆಯ ಗೋಡೆಗಳಲ್ಲಿ ಆಗುವುದೂ ಇದೇ. ವಿಜಯಪುರದ ಕೋಟೆ ಗೋಡೆಯ ಕಲ್ಲಿನ ಸಂದಿಯಲ್ಲಿರುವ ಸುಣ್ಣದ ಗಾರೆ ಅರಳಿಯ ಬೇರಿಗೆ ಕಲ್ಲಿಗಿಂತ ಮೆತ್ತಗೆ. ಇಂಥ ಗಿಡವನ್ನು ಕುಡಗೋಲಿನಿಂದ ಸವರಿ ಹೋದರೆ ಮರುವರ್ಷ ಒಂದಿದ್ದದ್ದು ನಾಲ್ಕು ಟಿಸಿಲಾಗುತ್ತದೆ, ಒಳಗೆ ಬೇರು ಮಾತ್ರ ದಪ್ಪವಾಗುತ್ತಾ ಹೋಗುತ್ತದೆ. ಎಳೆಯದಿದ್ದಾಗ, ಮಳೆ ಬಿದ್ದು ಗಾರೆ ನೆನೆದ ದಿನ, ಬೇರು ಸಮೇತ ಎಳೆದು ಆ ತೂತನ್ನು ಸುಣ್ಣದ ಗಾರೆಯಿಂದಲೇ ತುಂಬಬೇಕು. ಸಿಮೆಂಟ್ ತುಂಬಿದರೆ ಅದು ಹಳೆಯ ಸುಣ್ಣದ ಜೊತೆ ಹೊಂದಿಕೊಳ್ಳದೆ ಅಂಚಿನಲ್ಲಿ ಬಿಟ್ಟುಕೊಂಡು ಹೊಸ ಬಿರುಕು ಮಾಡುತ್ತದೆ. ಮುಂದಿನ ಅರಳಿಗೆ ಅದೇ ಮನೆ.

ವಿಜಯಪುರದ ಎರೆ ಭೂಮಿ ಕಪ್ಪು ಕಲ್ಲು ಕರಗಿ ಆದದ್ದು. ಸತ್ವವಿದೆ, ನೀರು ಹಿಡಿಯುತ್ತದೆ. ಆದರೂ ಆಳವಾದ ಎರೆಯಲ್ಲಿ ಮರ ತಾನಾಗಿ ಏಳುವುದು ಕಷ್ಟ. ಬೇಸಿಗೆಯಲ್ಲಿ ಎರೆ ಬಾಯಿ ಬಿಡುತ್ತದೆ, ಕೈ ಇಳಿಯುವಷ್ಟು ಅಗಲ, ಕೆಲವು ಕಡೆ ಮೂರು ಅಡಿ ಆಳ. ಆ ಬಿರುಕು ಎಳೆಯ ಸಸಿಯ ಬೇರನ್ನು ಎರಡು ಕಡೆಯಿಂದ ಎಳೆದು ಹರಿಯುತ್ತದೆ. ಹುಲ್ಲಿನ ಬೇರು ಜೊಂಪೆ, ಒಂದು ಹರಿದರೆ ಹತ್ತು ಉಳಿಯುತ್ತವೆ. ಆದ್ದರಿಂದ ಎರೆಯ ಬಯಲಿನಲ್ಲಿ ಹುಲ್ಲು, ನಡುನಡುವೆ ಜಾಲಿ. ಗರಸು ನೆಲದ ಮಡ್ಡಿಯಲ್ಲಿ, ಅಂದರೆ ಕಲ್ಲುಹರಳಿನ ಎತ್ತರದ ಬಯಲಿನಲ್ಲಿ, ಮಣ್ಣು ತೆಳುವಾದರೂ ಬಿರುಕು ಬಿಡದ ಕಾರಣ, ಬಾರಿ, ಕವಳಿ, ಕಾರೆ, ತುಗ್ಗಲಿ ಹೆಚ್ಚು.

ಒಂದು ಗಿಡ ಇನ್ನೊಂದಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ 1977ರಲ್ಲಿ ಕಾನೆಲ್ ಮತ್ತು ಸ್ಲೇಟಿಯರ್ ಎಂಬಿಬ್ಬರು ಮೂರು ದಾರಿ ಹೇಳಿದರು. ಊರಿನ ಮಾತಿನಲ್ಲಿ ಹೇಳಿದರೆ, ಮೂರು ಥರದ ನೆರೆಹೊರೆ: ಕರೆದು ಕೂರಿಸುವವನು, ಬಂದರೆ ಬರಲಿ ಎನ್ನುವವನು, ಬಾಗಿಲು ಹಾಕಿಕೊಳ್ಳುವವನು.

ಜಾಲಿ ಮೊದಲನೆಯದು. ಪಿಕಳಾರ, ಗೊರವಂಕ ಬೇವಿನ ಹಣ್ಣು ತಿಂದು ಜಾಲಿಯ ಕೊಂಬೆಯ ಮೇಲೆ ಕೂತು ಬೀಜ ಉದುರಿಸುತ್ತವೆ. ಬೇವಿನ ಬೀಜ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದು ಕೆಲವೇ ವಾರ; ಬಿದ್ದಲ್ಲೇ ತೇವ ಸಿಗಬೇಕು. ಜಾಲಿಯ ನೆರಳಿನಲ್ಲಿ ನೆಲ ತಂಪು, ಬೇರಿನ ಗಂಟುಗಳಲ್ಲಿ ಸಾರಜನಕ, ಸುತ್ತ ಆಡಿನ ಬಾಯಿ ತಡೆಯುವ ಮುಳ್ಳು. ಬೇವು ಮೇಲೆದ್ದು ನೆರಳು ಕವಿದ ಮೇಲೆ ಜಾಲಿ ಸೊರಗುತ್ತದೆ. ಹೊಲದ ಒಡ್ಡುಗಳ ಮೇಲೆ ಬೇವು ಸಾಲಾಗಿ ನಿಂತಿರುವುದರಲ್ಲಿ ರೈತರ ಕೈಯಷ್ಟೇ ಹಕ್ಕಿಗಳ ಕೈವಾಡವೂ ಇದೆ: ರಂಟೆ ತಾಗದ ನೆಲ ಅದೊಂದೇ. ಎಡವುವುದು ಎಲ್ಲೆಂದರೆ, ಮುಳ್ಳುಕಂಟಿ ‘ಸ್ವಚ್ಛ’ ಮಾಡಿ ಬೇವು ನೆಡುವಲ್ಲಿ. ಕಂಟಿ ಹೋದ ಕೂಡಲೇ ಆಡು ಒಳಗೆ ಬರುತ್ತದೆ, ಏಪ್ರಿಲ್ ಬಿಸಿಲೂ ಬರುತ್ತದೆ.

ಎರಡನೆಯದನ್ನು ನೋಡಲು ಖಾನಾಪುರದ ಕಾಡಿಗೆ ಹೋಗಬೇಕು. 19ನೇ ಶತಮಾನದಲ್ಲಿ ಬ್ರಿಟಿಷ್ ಅರಣ್ಯ ಇಲಾಖೆ ಕಡಿವಾಣ ಹಾಕುವ ತನಕ ಅಲ್ಲಿ ಕುಮರಿ ಬೇಸಾಯ ನಡೆಯುತ್ತಿತ್ತು: ಕಾಡು ಕಡಿದು, ಸುಟ್ಟು, ಎರಡು ಮೂರು ವರ್ಷ ಬೆಳೆದು, ಬಿಟ್ಟು ಮುಂದೆ ಹೋಗುವುದು. ಅಂಥ ತೆರವಿನಲ್ಲಿ ಮೊದಲು ಮೇಲೇಳುವ ಮರ ಚಂದಕಲು. ಗುರಾಣಿಯಂಥ ಎಲೆ, ಹಗುರ ಕಟ್ಟಿಗೆ, ವರ್ಷಕ್ಕೆ ಆಳೆತ್ತರ ಏರುವ ಅವಸರ. ಆದರೆ ತನ್ನ ನೆರಳಿನಲ್ಲಿ ತನ್ನದೇ ಸಸಿ ಬದುಕುವುದಿಲ್ಲ. ಅದರ ಕೆಳಗೆ ಅಂಜನಿ, ನೇರಳೆ, ಹೆಬ್ಬಲಸು ಅವಸರವಿಲ್ಲದೆ ಕಾಯುತ್ತಿರುತ್ತವೆ, ಕೆಲವು ಹತ್ತಾರು ವರ್ಷ ಮೊಣಕಾಲೆತ್ತರದಲ್ಲೇ. ಇವುಗಳ ಬೀಜ ನೆಲದಲ್ಲಿ ಉಳಿಯುವುದಿಲ್ಲ, ಕೆಲವೇ ವಾರದಲ್ಲಿ ಮೊಳೆಯಬೇಕು ಇಲ್ಲವೇ ಕೊಳೆಯಬೇಕು. ಅದಕ್ಕೇ ಇಂಥ ಕಾಡಿನ ಉಳಿತಾಯವೆಲ್ಲ ಸಸಿಗಳ ರೂಪದಲ್ಲಿ ಇರುತ್ತದೆ. ಪೊದೆ ಸವರುವ ಹೆಸರಿನಲ್ಲಿ ಆ ಸಸಿಗಳನ್ನು ಕಡಿದರೆ ಮತ್ತೆ ಬೀಜ ತರಲು ಮಂಗಟ್ಟೆ ಹಕ್ಕಿಯೇ ಬರಬೇಕು. ದಪ್ಪ ಬೀಜದ ಹಣ್ಣು ನುಂಗಿ ದೂರ ಒಯ್ಯುವ ಗಂಟಲು ಬೇರೆ ಹಕ್ಕಿಗಳಿಗೆ ಅಷ್ಟಾಗಿ ಇಲ್ಲ. ಭೀಮಗಡ ವನ್ಯಧಾಮ ಘೋಷಣೆಯಾದದ್ದು 2011ರಲ್ಲಿ, ವಿಸ್ತಾರ ಸುಮಾರು 190 ಚ.ಕಿ.ಮೀ. ಸುತ್ತಲಿನ ಹಳೆಯ ತೆರವುಗಳಿಗೆ ಬೀಜದ ಕಣಜ ಅದೇ.

ಮೂರನೆಯದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ವಿಜಯಪುರದಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಕಿಟಕಿಯ ಆಚೆ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂತು. ದಸರೆಗೆ ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಬನ್ನಿಯ ಹತ್ತಿರದ ನೆಂಟ ಇದು. ಆದರೆ ಆ ಬನ್ನಿ ಹೊಲದ ನಡುವೆ ನಿಂತರೂ ಕೆಳಗೆ ಸಜ್ಜೆ ಬೆಳೆಯುತ್ತದೆ, ಈ ನೆಂಟನ ಕೆಳಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ. (ನಮ್ಮ ಕಡೆ ಬನ್ನಿ ಎಂದು ಎರಡು ಬೇರೆ ಮರಗಳನ್ನು ಕರೆಯುತ್ತಾರೆ, ಗಿಡಗಳ ಪಟ್ಟಿ ಮಾಡುವವರು ಇಲ್ಲಿ ಮೋಸ ಹೋಗುವುದು ಸಾಮಾನ್ಯ.) ಬಳ್ಳಾರಿ ಜಾಲಿಯೂ ಸಾರಜನಕ ಕೂಡಿಡುತ್ತದೆ, ಕಟ್ಟಿಗೆ ಕೊಡುತ್ತದೆ, ಬಡವರ ಒಲೆ ಅದರಿಂದಲೇ ಉರಿದಿದೆ; ಅದನ್ನು ಮರೆತು ಬೈಯುವುದು ನ್ಯಾಯವಲ್ಲ. ಅದರ ದೋಷ ಇಷ್ಟು: ಒಂದು ಸಲ ದಟ್ಟವಾಗಿ ಕೂತರೆ ಅನುಕ್ರಮ ಅಲ್ಲಿಗೇ ನಿಲ್ಲುತ್ತದೆ.

ಅದನ್ನು ತೆಗೆಯುವ ಕೆಲಸ ಕೆಡುವುದು ಬಹುತೇಕ ಒಂದೇ ರೀತಿ. ಬುಡದ ಮೇಲೆ ಕೊಡಲಿ ಹಾಕುತ್ತಾರೆ. ಆರು ತಿಂಗಳಲ್ಲಿ ಒಂದು ಕಾಂಡದ ಜಾಗಕ್ಕೆ ಎಂಟು ಹತ್ತು ಬರುತ್ತವೆ, ಮೊದಲಿಗಿಂತ ದಟ್ಟ. ಚಿಗುರುವ ಕಣ್ಣುಗಳು ಇರುವುದು ಬೇರು–ಕಾಂಡ ಕೂಡುವ ಗಂಟಿನಲ್ಲಿ. ಆದ್ದರಿಂದ ಮಳೆ ಬಿದ್ದು ನೆಲ ಮೆತ್ತಗಾದಾಗ ಸುತ್ತ ಅಗೆದು ನೆಲಮಟ್ಟದಿಂದ 30 ಸೆಂ.ಮೀ. ಕೆಳಗೆ ತಾಯಿಬೇರು ಕಡಿಯಬೇಕು. ಕಾಯಿ ಹಣ್ಣಾಗುವ ಮೊದಲೇ ಕೆಲಸ ಮುಗಿಯಬೇಕು. ಕಾಯಿ ಇರುವ ಕಂಟಿಯಿಂದ ಬೇಲಿ ಹಾಕಿದರೆ ಬೇಲಿಯೇ ಬಿತ್ತನೆ. ಕಾಯಿ ತಿಂದ ಆಡು ಕುರಿ ಹಿಕ್ಕೆಯಲ್ಲಿ ಬೀಜ ಹೊರಹಾಕುತ್ತವೆ, ಹೊಟ್ಟೆಯೊಳಗೆ ಹಾದು ಬಂದ ಬೀಜ ಇನ್ನೂ ಸಲೀಸಾಗಿ ಮೊಳೆಯುತ್ತದೆ. ಅಂಥ ಹಿಂಡನ್ನು ಒಂದು ವಾರವಾದರೂ ದೊಡ್ಡಿಯಲ್ಲಿಟ್ಟು ಆಮೇಲೆ ಒಳಗೆ ಬಿಡುವುದು ಒಳ್ಳೆಯದು. ಇಡೀ ಹತ್ತು ಎಕರೆ ಒಂದೇ ಸಲ ಜೆಸಿಬಿಯಿಂದ ಬೋಳು ಮಾಡಿದರೆ ಗಟ್ಟಿ ಸಿಪ್ಪೆಯ ಬೀಜಗಳು ವರ್ಷಗಟ್ಟಲೆ ಕಾಯುತ್ತಾ ಕುಳಿತಿರುತ್ತವೆ, ಮೊದಲ ಮಳೆಗೆ ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ. 10–15 ಮೀಟರ್ ಅಗಲದ ಪಟ್ಟಿಗಳಲ್ಲಿ ತೆಗೆಯುತ್ತಾ, ತೆರವಾದ ಪಟ್ಟಿಗೆ ಅದೇ ಮಳೆಗೆ ಹೆಕ್ಟೇರಿಗೆ 4–5 ಕಿಲೋ ಅಂಜನ ಹುಲ್ಲಿನ ಬೀಜ ಚೆಲ್ಲಬೇಕು. ಆ ಬೀಜ ನೂಲಿನ ಎಳೆಯಂತೆ ಹಗುರ, ಗಾಳಿಗೆ ಹಾರುತ್ತದೆ. ತೇವದ ಮಣ್ಣು, ಸಗಣಿಯಲ್ಲಿ ಉಂಡೆ ಕಟ್ಟಿ ಹಾಕಿದರೆ ಬಿದ್ದಲ್ಲಿ ಉಳಿಯುತ್ತದೆ. ಮೂರು ಮಳೆಗಾಲ ಸಸಿ ಕೀಳುವುದು ತಪ್ಪಬಾರದು. ಹಣ ಮುಗಿಯುವುದು ಸಾಮಾನ್ಯವಾಗಿ ಮೊದಲ ವರ್ಷಕ್ಕೇ, ಗಿಡ ಗೆಲ್ಲುವುದೂ ಅದಕ್ಕೇ.

ಬಾಗಿಲು ಹಾಕುವ ಗುಣವನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬಹುದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ಇಡೀ ನಾಡಿಗೆ ಹರಡಿದ ಕಾಂಗ್ರೆಸ್ ಕಸವನ್ನು ಧಾರವಾಡದ ಸುತ್ತಮುತ್ತ ತಗಚೆಯ ಬಳಗದ ಕ್ಯಾಸಿಯಾ ಯುನಿಫ್ಲೋರಾ ಎಂಬ ಗಿಡ ಎಷ್ಟೋ ಕಡೆ ಹಿಂದಕ್ಕೆ ತಳ್ಳಿತು. ಅದೂ ಹೊರಗಿನದೇ. ಒಂದು ಕಸದ ಬದಲು ಇನ್ನೊಂದು ಕಸ, ಆದರೆ ಮೈ ತುರಿಸದ ಕಸ.

ಇನ್ನು ಮಡ್ಡಿಯ ಮಾತು. ಏಣಿಯ ಚಿತ್ರ ತಲೆಯಲ್ಲಿ ಕೂತವರಿಗೆ ಹುಲ್ಲಿನ ಮಡ್ಡಿ ಕಂಡರೆ ‘ಕಾಡಾಗಲು ಸೋತ ಜಾಗ’ ಅನ್ನಿಸುತ್ತದೆ. ಗುಂಡಿ ತೋಡುತ್ತಾರೆ, 45 ಸೆಂ.ಮೀ. ಉದ್ದ ಅಗಲ ಆಳ, ಸಾಲಾಗಿ. ಗುಂಡಿಯಿಂದ ತೆಗೆದ ಗರಸು ಹುಲ್ಲಿನ ಮೇಲೆ ಬೀಳುತ್ತದೆ. ಹತ್ತಾರು ವರ್ಷದಲ್ಲಿ ಕಟ್ಟಿದ ತೆಳು ಮೇಲ್ಮಣ್ಣು ಅಡಿಗೆ ಹೋಗಿ ಸತ್ವವಿಲ್ಲದ ಕೆಳಮಣ್ಣು ಮೇಲೆ ಬರುತ್ತದೆ. ಆ ಕಲಕಿದ ಮಣ್ಣಿಗೆ ಮೊದಲು ಬರುವುದು ಕಾಂಗ್ರೆಸ್ ಕಸ, ಆಮೇಲೆ ಬಳ್ಳಾರಿ ಜಾಲಿ. ಅಂದರೆ ಮುಂದೆ ತಳ್ಳಲು ಹೋಗಿ ಮೊದಲ ದಿನಕ್ಕೆ ತಂದು ನಿಲ್ಲಿಸಿದಂತಾಯಿತು. ಬೀಳಗಿ, ಮುಧೋಳ ನಡುವಿನ ಯಡಹಳ್ಳಿಯಲ್ಲಿ ಚಿಂಕಾರ ವನ್ಯಧಾಮ ಮಾಡಿದ್ದು 2016ರಲ್ಲಿ, ಸುಮಾರು 96 ಚ.ಕಿ.ಮೀ. ಚಿಂಕಾರ ಎಂಬ ಈ ಸಣ್ಣ ಹುಲ್ಲೆಗೆ ಬೇಕಿರುವುದು ದೂರ ಕಾಣುವ ಬಯಲು, ಚದುರಿದ ಪೊದೆ, ಸಣ್ಣ ಹುಲ್ಲು. ದಟ್ಟ ನೆರಳು ಅದಕ್ಕೆ ಮನೆಯಲ್ಲ. ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ಎದ್ದ ಮೇಲೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಅಲ್ಲಿಂದ ಕಣ್ಮರೆಯಾದದ್ದು ಉತ್ತರ ಕರ್ನಾಟಕಕ್ಕೆ ಗೊತ್ತಿರುವ ಸಂಗತಿ.

ಹಾಗೆಂದು ಮಡ್ಡಿಗೆ ಬೇಲಿ ಹಾಕಿ ಹತ್ತು ವರ್ಷ ಮರೆತುಬಿಡುವುದೂ ಸರಿಯಲ್ಲ. ಹುಲ್ಲು ಕತ್ತರಿಸದೆ, ಮೇಯಿಸದೆ ಬಿಟ್ಟರೆ ಒಣ ಕಡ್ಡಿ ಮೆದೆಯಾಗಿ ಹೊಸ ಚಿಗುರಿಗೆ ಬಿಸಿಲು ಸಿಗುವುದಿಲ್ಲ. ಫೆಬ್ರುವರಿ–ಮಾರ್ಚ್‌ನಲ್ಲಿ ಒಂದು ಬೀಡಿ ತುಂಡು ಸಾಕು, ಎಳೆಯ ತುಗ್ಗಲಿ, ಬೇವು ಎಲ್ಲ ಒಂದೇ ಮಧ್ಯಾಹ್ನದಲ್ಲಿ ಬೂದಿ. ನವೆಂಬರ್‌ನಲ್ಲಿ, ಬೀಜ ಉದುರಿದ ಮೇಲೆ, ಬಾದೆ, ಹಂಚಿಕಡ್ಡಿ ಹುಲ್ಲುಗಳನ್ನು ಕೊಯ್ದು ಒಯ್ಯಲು ಊರವರನ್ನು ಬಿಡುವುದು ಬೆಂಕಿಗೆ ಅತ್ಯಂತ ಅಗ್ಗದ ಮದ್ದು.

ಅನುಕ್ರಮ ಯಾವಾಗಲೂ ಮುಂದಕ್ಕೇ ನಡೆಯುತ್ತದೆ ಎಂಬ ನಂಬಿಕೆಯನ್ನು ಒಡೆಯಲು ಕೃಷ್ಣಾ ತೀರದ ಸವಳು-ಜವಳು ನೆಲ ಸಾಕು. ಅಥಣಿ, ರಾಯಬಾಗ, ಜಮಖಂಡಿ ಕಡೆ ಕಬ್ಬಿಗೆ ಹರಿಸಿದ ನೀರು ಎರೆಯಿಂದ ಬಸಿದು ಹೋಗದೆ ಅಂತರ್ಜಲ ಮೇಲೇರಿ, ಜೊತೆಗೆ ಉಪ್ಪನ್ನು ತರುತ್ತದೆ. ಮೊದಲು ಹೊಲದ ತಗ್ಗಿನಲ್ಲಿ ಬೆಳೆ ಹಳದಿ, ಫೆಬ್ರುವರಿಗೆ ನೆಲದ ಮೇಲೆ ಬಿಳಿ ಪುಡಿ. ಗಿಡಗಳ ಸಾಲು ಇಲ್ಲಿ ಹಿಂದುಮುಂದಾಗಿ ಓಡುತ್ತದೆ: ಒಡ್ಡಿನ ಬೇವು ತುದಿಯಿಂದ ಒಣಗುತ್ತದೆ, ಕರಿಕಿ ಕೆಲಕಾಲ ತಾಳುತ್ತದೆ, ಆಮೇಲೆ ದಪ್ಪ ರಸದ ಎಲೆಯ ಉಪ್ಪು ಗಿಡಗಳು, ನೀರು ನಿಂತಲ್ಲಿ ಆಪು ಎಂಬ ಜೊಂಡು, ಕಾಲುವೆ ದಂಡೆಗೆ ಬೇಶರಮ್. ದನಕರು ಮೂಸದ ಆ ಗಿಡಕ್ಕೆ ನಮ್ಮವರು ಇಟ್ಟ ಹೆಸರು ಎಷ್ಟು ಸರಿಯಾಗಿದೆ! ಆಪು ಬಂದ ನೆಲಕ್ಕೆ ಜಿಪ್ಸಮ್ ಚೀಲ ತಂದು ಸುರಿಯುವುದು ಕಣ್ಣೆದುರೇ ದುಡ್ಡು ಕಳೆಯುವ ದಾರಿ. ಮೊದಲು ಬಸಿಗಾಲುವೆ, ಆಮೇಲೆ ಮಿಕ್ಕದ್ದು. ಮಣ್ಣು ಪರೀಕ್ಷೆಯಲ್ಲಿ ವಿದ್ಯುತ್ ವಾಹಕತೆ 4 (ಡೆಸಿಸೀಮನ್ಸ್/ಮೀಟರ್) ದಾಟಿ ರಸಸಾರ (pH) 8.5ರ ಕೆಳಗಿದ್ದರೆ ಅದು ಬರಿ ಉಪ್ಪು, ಬಸಿಗಾಲುವೆ ಇದ್ದರೆ ಸಿಹಿನೀರು ಕಟ್ಟಿ ತೊಳೆಯಬಹುದು. ರಸಸಾರ 8.5 ಮೀರಿ ಮಣ್ಣಿನಲ್ಲಿ ಸೋಡಿಯಂ ಕೂತಿದ್ದರೆ ಮಾತ್ರ ಜಿಪ್ಸಮ್, ಅದರ ಹಿಂದೆ ಹಸಿರೆಲೆ ಗೊಬ್ಬರದ ಗಿಡ ಡೈಂಚಾ. ಕ್ರಮ ತಪ್ಪಿದರೆ ತೊಳೆದ ಉಪ್ಪು ಮುಂದಿನ ಬೇಸಿಗೆಗೆ ಮತ್ತೆ ಮೇಲೆ ಬರುತ್ತದೆ.

ಆಲಮಟ್ಟಿಯ ಹಿನ್ನೀರಿನ ಅಂಚಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಮಳೆಗಾಲದಲ್ಲಿ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದ ತನಕ ನೀರು ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಕೆರೆ ಹೂಳಿ ತಾವರೆ, ಆಪು, ಕೊನೆಗೆ ಜಾಲಿ ಬರುವ ಹಾದಿ ಇಲ್ಲಿ ಪ್ರತಿವರ್ಷ ಅಳಿಸಿಹೋಗುತ್ತದೆ. ಬಯಲಾದ ಕೆಸರಿನಲ್ಲಿ ಚಳಿಗಾಲಕ್ಕೆ ರಾಜಹಂಸ, ಪಟ್ಟೆತಲೆ ಹೆಬ್ಬಾತು ಮೇಯುವುದು ಈ ಅಳಿಸುವಿಕೆಯಿಂದಲೇ. 2019ರ ಆಗಸ್ಟ್ ಪ್ರವಾಹ ಪಟ್ಟದಕಲ್ಲಿನ ಗುಡಿಗಳೊಳಗೂ ನೀರು ನುಗ್ಗಿಸಿದಾಗ ಮಲಪ್ರಭೆಯ ದಂಡೆಯ ಎಷ್ಟೋ ಎರೆ ಹೊಲಗಳಲ್ಲಿ ಮರಳು ಕೂತಿತು. ಅಂಥ ಹೊಲದಲ್ಲಿ ಮರಳಿನ ದಪ್ಪ ಗೇಣಿಗಿಂತ ಕಡಿಮೆ ಇದ್ದರೆ ಆಳ ಉಳುಮೆಯಿಂದ ಕೆಳಗಿನ ಎರೆಯೊಡನೆ ಕಲಸಬಹುದು. ಅದಕ್ಕಿಂತ ದಪ್ಪವಿದ್ದರೆ ತೆಗೆಯಲೇಬೇಕು. ಬಿಟ್ಟರೆ ಅದರ ಮೇಲೆ ನಡೆಯುವುದು ಹೊಲದ ಅನುಕ್ರಮವಲ್ಲ, ಹೊಳೆಯ ಅನುಕ್ರಮ, ಅಂದರೆ ದರ್ಭೆ, ಲಕ್ಕಿ, ಜಾಲಿ.

ಒಂದು ನೆಲ ಯಾವ ಕಡೆ ನಡೆಯುತ್ತಿದೆ ಎಂದು ತಿಳಿಯಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಹುಲ್ಲಿಗೆ ಒಂದು ಮೀಟರ್ ಚೌಕ, ಪೊದೆಗೆ ಐದು ಮೀಟರ್, ಮರಕ್ಕೆ ಹತ್ತು ಮೀಟರ್. ಐದಾರು ಎಕರೆಗೆ ಹುಲ್ಲಿನ ಹತ್ತು ಚೌಕ ಸಾಕು, ಚೆಂದ ಕಂಡ ಕಡೆ ಅಲ್ಲ, ಮೊದಲೇ ಹೆಜ್ಜೆ ಲೆಕ್ಕ ನಿಶ್ಚಯಿಸಿ ಬಂದಲ್ಲಿ. ಮೂಲೆಗೆ ಕಟ್ಟಿಗೆಯ ಗೂಟ ಹೊಡೆದರೆ ಎರೆಯಲ್ಲಿ ಕೆಡುತ್ತದೆ: ಉಬ್ಬಿ, ಬಿರಿದು, ಎರಡು ವರ್ಷಕ್ಕೆ ಗೂಟ ಅಡ್ಡ ಬಿದ್ದಿರುತ್ತದೆ. ಎರಡು ಅಡಿಯ ಕಬ್ಬಿಣದ ಸರಳು ಹೊಡೆದು, ಪಕ್ಕದ ಒಡ್ಡಿನ ಕಲ್ಲಿನಿಂದ ದೂರ ಅಳೆದು ಬರೆದಿಡಬೇಕು. ಎಣಿಕೆ ವರ್ಷಕ್ಕೆ ಎರಡು ಸಲ: ಸೆಪ್ಟೆಂಬರ್ ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಬಹುವಾರ್ಷಿಕಗಳಷ್ಟೇ ಉಳಿದಿರುವ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಡಿಸೆಂಬರ್‌ನಲ್ಲಿ ಹೋದರೆ ಅರ್ಧ ಜಾತಿ ಒಣಗಿ ಗುರುತು ಸಿಗುವುದಿಲ್ಲ. ಪ್ರತಿ ಚೌಕದಲ್ಲಿ ಯಾವ ಜಾತಿ ಎಷ್ಟು, ಬೋಳು ನೆಲ ನೂರಕ್ಕೆ ಎಷ್ಟು, ಹಿಕ್ಕೆ ಇದೆಯೇ, ಮೇಯ್ದ ಗುರುತು ಇದೆಯೇ. ಒಂದು ಒಳ್ಳೆಯ ಮಳೆ ಕಂಡು ನೆಲ ಸುಧಾರಿಸಿತು ಎನ್ನುವುದೂ, ಒಂದು ಬರಕ್ಕೆ ಕೆಟ್ಟಿತು ಎನ್ನುವುದೂ ಆತುರ. ವಿಜಯಪುರದಂಥ ಕಡೆ ಐದು ಮಳೆಗಾಲ ಎಣಿಸದೆ ಏನೂ ಹೇಳಲಾಗದು.

ಅದೇ ಕಲ್ಲಿನ ಮೇಲೆ ನಿಂತು, ಅದೇ ದಿಕ್ಕಿಗೆ, ವರ್ಷಕ್ಕೊಂದು ಫೋಟೋ ತೆಗೆದಿಟ್ಟರೆ ಮುಖ್ಯವಾಗಿ ನೋಡಬೇಕಾದದ್ದು ಬಾರಿ ಗಿಡವನ್ನು. ಆಡು ಮೇಯುವ ನೆಲದಲ್ಲಿ ಬಾರಿ ಮೊಣಕಾಲೆತ್ತರದ ಮುಳ್ಳಿನ ದಿಂಬಿನಂತೆ ಕೂತಿರುತ್ತದೆ. ಮೇಲೆ ಬಂದ ಚಿಗುರನ್ನೆಲ್ಲ ಆಡು ಕತ್ತರಿಸುತ್ತದೆ, ಗಿಡ ಅಡ್ಡಡ್ಡ ಹರಡುತ್ತದೆ, ಕೆಳಗೆ ಬೇರು ಮಾತ್ರ ವರ್ಷ ವರ್ಷ ಬಲಿಯುತ್ತದೆ. ದಿಂಬು ಅಗಲವಾಗುತ್ತಾ ಹೋಗಿ ಒಂದು ದಿನ ನಡುವಿನ ಚಿಗುರು ಆಡಿನ ಬಾಯಿಗೆ ಎಟುಕದೆ ಉಳಿಯುತ್ತದೆ. ಹಿಂಗಾಲ ಮೇಲೆ ನಿಂತ ಆಡು ಐದಾರು ಅಡಿ ಎಟುಕಿಸುತ್ತದೆ. ಎರಡು ಮಳೆಗಾಲ ಮೇವು ತಡೆದರೆ ಬಲಿತ ಬೇರಿನ ಬಾರಿ ಆ ಎತ್ತರವನ್ನು ತಾನಾಗಿ ದಾಟುತ್ತದೆ, ಹೊಸ ಸಸಿ ನೆಟ್ಟರೆ ಐದಾರು ವರ್ಷ ಹಿಡಿಯುತ್ತದೆ. ಫೋಟೋದಲ್ಲಿ ತುದಿ ಆ ಎತ್ತರ ಮೀರಿದ್ದು ಕಂಡರೆ ಬೇಲಿಯನ್ನು ಕಿತ್ತು ಪಕ್ಕದ ತುಂಡಿಗೆ ಒಯ್ಯಬಹುದು.